ರೀಮೇಕ್ ಮೇಲೆ ಅಷ್ಟೊಂದು ಪ್ರೀತಿ ಯಾಕೆ? ಚಿಂತಾಮಣಿ ಕಡೆಯಿಂದ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಚಿಂತಾಮಣಿಯಲ್ಲಿ ಕನ್ನಡ ಸಿನಿಮಾದ ಹೊಸ ಪೋಸ್ಟರ್ ಬಿದ್ದರೆ "ಇದು ತೆಲುಗಿನದ್ದಾ, ಸ್ವಂತದ್ದಾ?" ಅಂತ ಕೇಳುವವರು ಈಗಲೂ ಇದ್ದಾರೆ. ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಜನಕ್ಕೆ ಈ ಪ್ರಶ್ನೆ ಕೇಳುವ ಹಕ್ಕು ಜಾಸ್ತಿ ಇದೆ. ಯಾಕೆ ಅನ್ನೋದು ಮುಂದೆ ಬರುತ್ತದೆ. ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ಸಿನಿಮಾ ಬಿಟ್ಟ ಮೇಲೆ ನನ್ನ ಕಿವಿಗೆ ಬಿದ್ದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಮೊದಲು ಇದು ಹೇಳಿ: ರೀಮೇಕ್ ಯಾವುದು, ಡಬ್ಬಿಂಗ್ ಯಾವುದು?

ಬೇರೆ ಭಾಷೆಯ ಅಥವಾ ಹಳೆಯ ಸಿನಿಮಾದ ಕಥೆ ತಗೊಂಡು, ಹೊಸ ನಟರನ್ನು ಹಾಕಿ, ಮತ್ತೆ ಚಿತ್ರೀಕರಣ ಮಾಡಿದರೆ ರೀಮೇಕ್. ಅದೇ ಸಿನಿಮಾಕ್ಕೆ ಮಾತು ಮಾತ್ರ ಬದಲಾಯಿಸಿದರೆ ಡಬ್ಬಿಂಗ್. ಕಾದಂಬರಿಯಿಂದ ಮಾಡಿದ್ದು ರೀಮೇಕ್ ಅಲ್ಲ. ಒಂದು ಸಿನಿಮಾದ ಮುಂದುವರಿದ ಭಾಗ ಮಾಡಿದರೆ ಅದೂ ರೀಮೇಕ್ ಅಲ್ಲ. ಎಲ್ಲಿಂದಲೂ ತರದೆ ನಮ್ಮವರೇ ಕಥೆ ಮಾಡಿದ್ದಕ್ಕೆ ಗಾಂಧಿನಗರದಲ್ಲಿ, ಅಂದರೆ ಬೆಂಗಳೂರಿನ ಸಿನಿಮಾ ಮಂದಿಯ ಜಾಗದಲ್ಲಿ, ಸ್ವಮೇಕ್ ಅನ್ನುತ್ತಾರೆ.

ಸ್ಟುಡಿಯೋಗಳು, ನಿರ್ಮಾಪಕರು ರೀಮೇಕನ್ನೇ ಯಾಕೆ ಇಷ್ಟಪಡುತ್ತಾರೆ?

ಪ್ರೇಕ್ಷಕರಿಗೆ ಇಷ್ಟ ಆಗುತ್ತೆ ಅಂತ ರೀಮೇಕ್ ಮಾಡುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಅದು ಅರ್ಧ ಸತ್ಯ. ದುಡ್ಡು ಹಾಕುವವರಿಗೆ ಧೈರ್ಯ ಬರಲಿ ಅಂತ ರೀಮೇಕ್ ಮಾಡುತ್ತಾರೆ. ಟಿಕೆಟ್ ಕೊಳ್ಳುವ ನಾವು ಈ ಸಾಲಿನಲ್ಲಿ ಕೊನೆಗೆ ನಿಂತವರು.

ಒಂದು ಸಿನಿಮಾ ನಮ್ಮ ಮುಂದೆ ಬರುವಷ್ಟರಲ್ಲಿ ಎಷ್ಟು ಜನ ಅದಕ್ಕೆ ಹೂಂ ಅನ್ನಬೇಕು ನೋಡಿ. ಹೀರೊ ಡೇಟ್ಸ್ ಕೊಡಬೇಕು. ಫೈನಾನ್ಸಿಯರ್ ಬಡ್ಡಿಗೆ ದುಡ್ಡು ಕೊಡಬೇಕು. ವಿತರಕರು ಅಡ್ವಾನ್ಸ್ ಕೊಡಬೇಕು. ಟಿವಿ ಚಾನೆಲ್‌ನವರು ಸ್ಯಾಟಲೈಟ್ ಹಕ್ಕು ತಗೊಳ್ಳಬೇಕು. ಇವರ್‍ಯಾರೂ ಸಿನಿಮಾ ನೋಡಿರುವುದಿಲ್ಲ, ಯಾಕೆಂದರೆ ಸಿನಿಮಾ ಇನ್ನೂ ಆಗಿಲ್ಲ. ಹೊಸ ಕಥೆ ಇಟ್ಟುಕೊಂಡು ಹೋದ ನಿರ್ದೇಶಕ ಅವರ ಮುಂದೆ ಕೂತು ಎರಡು ಮೂರು ಗಂಟೆ ಕಥೆ ಹೇಳಬೇಕು. ಚೆನ್ನಾಗಿ ಬರೆಯುವವರಿಗೆ ಚೆನ್ನಾಗಿ ಹೇಳಲು ಬರಬೇಕು ಅಂತೇನಿಲ್ಲ. ಕೇಳುವವರ ಫೋನ್ ನಡುವೆ ರಿಂಗಾಗುತ್ತದೆ. ಇಂಟರ್ವಲ್ ಜಾಗಕ್ಕೆ ಬರುವಷ್ಟರಲ್ಲಿ ಅರ್ಧ ಕಥೆ ಮರೆತಿರುತ್ತಾರೆ.

ರೀಮೇಕ್ ಮಾಡುವವರಿಗೆ ಈ ಕಷ್ಟವೇ ಇಲ್ಲ. ಪಕ್ಕದ ರಾಜ್ಯದಲ್ಲಿ ಓಡಿದ ಸಿನಿಮಾ ಹಾಕಿ ತೋರಿಸಿದರೆ ಆಯಿತು. ಎಲ್ಲಿ ಚಪ್ಪಾಳೆ ಬೀಳುತ್ತದೆ, ಎಲ್ಲಿ ಜನ ಎದ್ದು ಹೊರಗೆ ಹೋಗುತ್ತಾರೆ, ಹಾಡು ಎಲ್ಲಿ ಬರಬೇಕು, ಎಲ್ಲ ಗೊತ್ತಾಗಿದೆ. ಎಷ್ಟು ದಿನ ಶೂಟಿಂಗ್, ಎಷ್ಟು ಸೆಟ್, ಎಷ್ಟು ಫೈಟು ಅಂತ ಲೆಕ್ಕ ಹಾಕುವುದೂ ಸುಲಭ. ಹೀರೊಗೆ ತನ್ನ ಎಂಟ್ರಿ ಹೇಗಿರುತ್ತದೆ ಅಂತ ಕಣ್ಣಾರೆ ಕಾಣುತ್ತದೆ. ಬರೆಯಲು ಬೇಕಾಗುತ್ತಿದ್ದ ತಿಂಗಳುಗಳು ಉಳಿಯುತ್ತವೆ. ಬಡ್ಡಿ ಓಡುತ್ತಿರುವವನಿಗೆ ಆ ತಿಂಗಳುಗಳೂ ದುಡ್ಡೇ.

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೊಸ ಕಥೆ ಸೋತರೆ ಬೈಗುಳ ಅದನ್ನು ಒಪ್ಪಿಕೊಂಡವನಿಗೆ. ರೀಮೇಕ್ ಸೋತರೆ "ಅಲ್ಲಿ ಸೂಪರ್ ಹಿಟ್ ಆಗಿತ್ತು, ಇಲ್ಲಿ ಜನಕ್ಕೆ ಹಿಡಿಸಲಿಲ್ಲ" ಅಂತ ಹೇಳಿ ತಪ್ಪಿಸಿಕೊಳ್ಳಬಹುದು. ಸಂಬಳಕ್ಕಿರುವ ಅಧಿಕಾರಿಗಳು ನಡೆಸುವ ದೊಡ್ಡ ಸ್ಟುಡಿಯೋಗಳಲ್ಲಿ ಈ ಲೆಕ್ಕ ಇನ್ನೂ ಜೋರು.

ಹಾಗಾದರೆ ನಮ್ಮಲ್ಲಿ ಕಥೆಗಳೇ ಇಲ್ವಾ?

ಕಥೆಗಳಿಗೆ ಬರ ಇಲ್ಲ, ಕಥೆ ಬರೆಯುವವರಿಗೆ ಕೊಡುವ ದುಡ್ಡಿಗೆ ಬರ. ಕನ್ನಡದಲ್ಲಿ ಹೆಚ್ಚಾಗಿ ನಿರ್ದೇಶಕರೇ ಕಥೆ, ಚಿತ್ರಕಥೆ, ಕೆಲವು ಸಲ ಸಂಭಾಷಣೆಯನ್ನೂ ಬರೆಯುತ್ತಾರೆ. ಅವರು ಬರೆಯುತ್ತಾ ಕೂತಿರುವ ಆ ಒಂದೆರಡು ವರ್ಷಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ರೀಮೇಕ್ ಹಕ್ಕಿಗೆ ಕೊಡುವ ದುಡ್ಡಿನಲ್ಲಿ ಒಂದು ಭಾಗ ನಾಲ್ಕು ಜನ ಬರಹಗಾರರಿಗೆ ಕೊಟ್ಟು ಒಂದು ವರ್ಷ ಕೂರಿಸಿದರೆ ಏನಾಗುತ್ತದೆ ಅಂತ ನೋಡುವ ಆಸೆ ನನಗಿದೆ.

ಹಿಂದೆ ಈ ಜಾಗ ತುಂಬುತ್ತಿದ್ದದ್ದು ಕಾದಂಬರಿಗಳು. 1972ರ ಬಂಗಾರದ ಮನುಷ್ಯ ಬಂದಿದ್ದು ಟಿ.ಕೆ. ರಾಮರಾವ್ ಅವರ ಕಾದಂಬರಿಯಿಂದ, ಅದೇ ವರ್ಷದ ನಾಗರಹಾವು ತ.ರಾ.ಸು. ಅವರ ಕಾದಂಬರಿಗಳಿಂದ. ಓದುಗರು ಆಗಲೇ ಮೆಚ್ಚಿದ ಕಥೆ ಅನ್ನುವ ಧೈರ್ಯ ಅಲ್ಲೂ ಇತ್ತು. ರೀಮೇಕ್ ಕೊಡುವ ಧೈರ್ಯವೂ ಅದೇ, ಆದರೆ ಅಲ್ಲಿ ಕಥೆ ನಮ್ಮದೇ ಆಗಿತ್ತು. ಕಾದಂಬರಿ ಓದುವ ಅಭ್ಯಾಸ ಕಡಿಮೆಯಾದ ಹಾಗೆ ಆ ದಾರಿ ಸಣ್ಣದಾಯಿತು.

ಹಾಲಿವುಡ್‌ಗೆ ಅಷ್ಟು ದುಡ್ಡಿದೆ. ಅವರ್‍ಯಾಕೆ ಹಳೇದನ್ನೇ ಮಾಡುತ್ತಾರೆ?

ದುಡ್ಡು ಜಾಸ್ತಿ ಇರುವುದೇ ಕಾರಣ. ಜಾಸ್ತಿ ದುಡ್ಡು ಹಾಕಿದವರಿಗೆ ಭಯವೂ ಜಾಸ್ತಿ. ನಮ್ಮವರು ಪಕ್ಕದ ಭಾಷೆಯಿಂದ ತರುತ್ತಾರೆ, ಅವರು ತಮ್ಮದೇ ಹಳೆಯ ಗೋಡೌನಿನಿಂದ ತೆಗೆಯುತ್ತಾರೆ. ಡಿಸ್ನಿ 1994ರಲ್ಲಿ ಮಾಡಿದ ದಿ ಲಯನ್ ಕಿಂಗ್ ಅನ್ನು 2019ರಲ್ಲಿ ಮತ್ತೆ ಮಾಡಿತು. ಪ್ರಪಂಚದಾದ್ಯಂತ 160 ಕೋಟಿ ಡಾಲರ್‌ಗೂ ಹೆಚ್ಚು ಬಂತು. ಹಕ್ಕು ಅವರದ್ದೇ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಚಿಕ್ಕಂದಿನಲ್ಲಿ ನೋಡಿದವರು ಈಗ ಅಪ್ಪ ಅಮ್ಮ ಆಗಿದ್ದಾರೆ, ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಗೊಂಬೆ, ಟೀ ಶರ್ಟ್, ಥೀಮ್ ಪಾರ್ಕ್ ವ್ಯಾಪಾರಕ್ಕೂ ಮತ್ತೆ ಜೀವ ಬರುತ್ತದೆ. ಜತೆಗೆ ಎಪ್ಪತ್ತು ಎಂಬತ್ತು ದೇಶಗಳಲ್ಲಿ ಒಂದೇ ವಾರ ಬಿಡುಗಡೆ ಮಾಡುವವರಿಗೆ ಹೊಸ ಹೆಸರನ್ನು ಪರಿಚಯ ಮಾಡಿಸುವ ಖರ್ಚೇ ದೊಡ್ಡದು. ಗೊತ್ತಿರುವ ಹೆಸರಿಗೆ ಆ ಖರ್ಚು ಕಡಿಮೆ.

ಅವರು ಹೊರಗಿನಿಂದಲೂ ತರುತ್ತಾರೆ, ಅದನ್ನು ಮರೆಯಬಾರದು. 2007ರಲ್ಲಿ ಆಸ್ಕರ್‌ನ ಅತ್ಯುತ್ತಮ ಚಿತ್ರ ಪ್ರಶಸ್ತಿ ಗೆದ್ದ ದಿ ಡಿಪಾರ್ಟೆಡ್ ಹಾಂಗ್‌ಕಾಂಗ್ ಸಿನಿಮಾದ ರೀಮೇಕ್. 2022ರಲ್ಲಿ ಗೆದ್ದ ಕೋಡಾ ಫ್ರೆಂಚ್ ಸಿನಿಮಾದ ರೀಮೇಕ್. ಸಬ್‌ಟೈಟಲ್ ಓದುತ್ತಾ ಸಿನಿಮಾ ನೋಡುವುದು ಅಮೆರಿಕದ ಬಹಳಷ್ಟು ಪ್ರೇಕ್ಷಕರಿಗೆ ಆಗಿಬರುವುದಿಲ್ಲ. ಅವರು ಮೂಲ ನೋಡಿಲ್ಲ ಅನ್ನುವುದೇ ಸ್ಟುಡಿಯೋ ಬಂಡವಾಳ.

ಕನ್ನಡದಲ್ಲಿ ಇಷ್ಟೊಂದು ರೀಮೇಕ್ ಬರಲು ಬೇರೆ ಕಾರಣ ಇದೆಯಾ?

ಇದೆ, ಅದು ಡಬ್ಬಿಂಗ್ ಕಥೆ. 1950ರ ದಶಕದಲ್ಲಿ ಡಬ್ ಆದ ಸಿನಿಮಾಗಳು ಕನ್ನಡದಲ್ಲಿ ಬರುತ್ತಿದ್ದವು. 60ರ ದಶಕದಲ್ಲಿ ಸಾಹಿತಿ ಅ.ನ.ಕೃ. ಮತ್ತಿತರರು ಇದರ ವಿರುದ್ಧ ಚಳವಳಿ ಮಾಡಿದರು. ರಾಜ್‌ಕುಮಾರ್ ಕೂಡ ಜತೆಗೆ ನಿಂತರು. ಡಬ್ಬಿಂಗ್ ಹೀಗೇ ಮುಂದುವರಿದರೆ ಆಗ ತಾನೇ ಕಣ್ಣು ಬಿಡುತ್ತಿದ್ದ ಕನ್ನಡ ಚಿತ್ರರಂಗದ ಕಲಾವಿದರಿಗೆ, ತಂತ್ರಜ್ಞರಿಗೆ ಕೆಲಸವೇ ಇರುವುದಿಲ್ಲ ಎಂಬ ಆತಂಕ ಅವರದ್ದು. ಆ ಕಾಲಕ್ಕೆ ಅದು ಸುಳ್ಳು ಭಯ ಆಗಿರಲಿಲ್ಲ. ಆಮೇಲೆ ಸುಮಾರು ಅರ್ಧ ಶತಮಾನ ಕನ್ನಡದಲ್ಲಿ ಡಬ್ಬಿಂಗ್ ನಿಂತೇ ಹೋಯಿತು. ಯಾವ ಕಾನೂನೂ ಇರಲಿಲ್ಲ, ಚಿತ್ರರಂಗದ ಕಟ್ಟುಪಾಡು ಅಷ್ಟೇ.

ಇದರಿಂದ ಒಂದು ಗೋಡೆ ಎದ್ದಿತು. ತಮಿಳಿನ ಒಳ್ಳೆಯ ಕಥೆ ಹಾಸನದ, ಹಾವೇರಿಯ ಪ್ರೇಕ್ಷಕರಿಗೆ ಕನ್ನಡದಲ್ಲಿ ಸಿಗಬೇಕಾದರೆ ರೀಮೇಕ್ ಒಂದೇ ದಾರಿ. ನಿರ್ಮಾಪಕರಿಗೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಬೇಕಾ? ಪೈಪೋಟಿಯೇ ಇಲ್ಲ. ರಾಮಾಚಾರಿ, ಸೂರ್ಯವಂಶ, ಯಜಮಾನ, ಹುಚ್ಚ, ಕೆಂಪೇಗೌಡ, ದೊಡ್ಡದಾಗಿ ಓಡಿದ ಇವೆಲ್ಲ ತಮಿಳಿನಿಂದ ಬಂದವು.

2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಸರಿಯಲ್ಲ ಎಂದು ಆದೇಶ ಕೊಟ್ಟು ಚಿತ್ರರಂಗದ ಸಂಸ್ಥೆಗಳಿಗೆ ದಂಡ ಹಾಕಿತು. 2017ರಿಂದ ಡಬ್ ಚಿತ್ರಗಳು ಮತ್ತೆ ಥಿಯೇಟರಿಗೆ ಬಂದವು.

ಕೋಲಾರ, ಚಿಕ್ಕಬಳ್ಳಾಪುರದವರಿಗೆ ಈ ಪ್ರಶ್ನೆ ಕೇಳುವ ಹಕ್ಕು ಜಾಸ್ತಿ ಅಂದಿರಲ್ಲ, ಯಾಕೆ?

ಆ ಗೋಡೆ ನಮ್ಮ ಕಡೆ ಯಾವತ್ತೂ ಇರಲಿಲ್ಲ, ಅದಕ್ಕೆ. ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲಿನಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ ಅನ್ನುವ ಕುಟುಂಬಗಳು ಎಷ್ಟೋ ಇವೆ. ಗೌರಿಬಿದನೂರಿನಿಂದ ಆಂಧ್ರದ ಹಿಂದೂಪುರ ಎಷ್ಟು ದೂರ ಹೇಳಿ? ಕೆಜಿಎಫ್, ಬಂಗಾರಪೇಟೆ ಕಡೆ ತಮಿಳು. ತುಮಕೂರು ಜಿಲ್ಲೆಯ ಪಾವಗಡದ ಸುತ್ತ ಹೆಚ್ಚುಕಡಿಮೆ ಎಲ್ಲ ಕಡೆಯೂ ಆಂಧ್ರವೇ. ಇಲ್ಲಿನ ಥಿಯೇಟರುಗಳಲ್ಲಿ ತೆಲುಗು ಸಿನಿಮಾ ತೆಲುಗಿನಲ್ಲೇ ಬರುತ್ತದೆ, ಹಬ್ಬದ ಹಾಗೆ ಬರುತ್ತದೆ.

ಹೀಗಾಗಿ ರೀಮೇಕ್ ಬರುವ ಹೊತ್ತಿಗೆ ನಾವು ಮೂಲ ನೋಡಿ, ಅದರ ಡೈಲಾಗ್ ಬಾಯಿಪಾಠ ಮಾಡಿ, ಮರೆತೂ ಆಗಿರುತ್ತದೆ. ತಮಿಳಿನ ಸಿಂಗಂ 2010ರಲ್ಲೇ ಯಮುಡು ಹೆಸರಿನಲ್ಲಿ ತೆಲುಗಿಗೆ ಡಬ್ ಆಗಿತ್ತು. ಅದರ ಕನ್ನಡ ರೀಮೇಕ್ ಕೆಂಪೇಗೌಡ ಬಂದಿದ್ದು 2011ರಲ್ಲಿ. ಕನ್ನಡದ ಹೀರೊ ಅದನ್ನು ಬೇರೆ ಥರ ಮಾಡಿದ್ದಾರಾ ಅಂತ ನೋಡಲು ಹೋಗುತ್ತಿದ್ದೆವೇ ಹೊರತು ಮುಂದೇನಾಗುತ್ತದೆ ಅಂತ ಕಾಯಲು ಅಲ್ಲ.

ತಮಾಷೆ ಏನೆಂದರೆ ಸಿನಿಮಾ ವ್ಯಾಪಾರದ ನಕ್ಷೆಯಲ್ಲಿ ನಾವೆಲ್ಲ ಒಂದೇ ಏರಿಯಾ. ವಿತರಕರು ಕರ್ನಾಟಕವನ್ನು ಭಾಗ ಮಾಡಿಕೊಂಡಿದ್ದಾರೆ. ಬೆಂಗಳೂರು, ಕೋಲಾರ, ತುಮಕೂರು ಸೇರಿ ಬಿಕೆಟಿ. ಮೈಸೂರು, ಮಂಡ್ಯ, ಕೊಡಗು, ಹಾಸನ ಸೇರಿ ಎಂಎಂಸಿಹೆಚ್. ಚಿಕ್ಕಬಳ್ಳಾಪುರ 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇದ್ದದ್ದರಿಂದ ಅದೂ ಬಿಕೆಟಿ ಒಳಗೇ ಬರುತ್ತದೆ. ಈ ಏರಿಯಾದಲ್ಲಿ ದೊಡ್ಡ ಪಾಲು ಬೆಂಗಳೂರಿನದ್ದು. ಅಲ್ಲಿನ ಕಲೆಕ್ಷನ್ ನೋಡಿ "ಬಿಕೆಟಿ ಚೆನ್ನಾಗಿದೆ" ಅಂತ ಬರೆದುಕೊಂಡರೆ ಗಡಿ ತಾಲ್ಲೂಕಿನವನು ಬೇಜಾರಾಗಿ ಎದ್ದು ಬಂದದ್ದು ಲೆಕ್ಕಕ್ಕೇ ಸಿಗುವುದಿಲ್ಲ.

ರೀಮೇಕ್ ಹಕ್ಕು ಕೊಂಡರೆ ಕೈಗೆ ಏನು ಸಿಗುತ್ತದೆ?

ಸಾಮಾನ್ಯವಾಗಿ ಒಂದು ಭಾಷೆಯಲ್ಲಿ ಆ ಕಥೆಯನ್ನು ಮತ್ತೆ ಸಿನಿಮಾ ಮಾಡುವ ಅನುಮತಿ. ಹಾಡು, ಹಿನ್ನೆಲೆ ಸಂಗೀತ ಬೇಕಾದರೆ ಅದಕ್ಕೆ ಬೇರೆ ಮಾತುಕತೆ. ಒಂದೇ ಭಾಷೆ ಅನ್ನುವ ಈ ಷರತ್ತು ಮುಂಚೆ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಈಗ ಕೊಡುತ್ತಿದೆ. ಸ್ವಂತ ಕಥೆಯ ಕನ್ನಡ ಸಿನಿಮಾವನ್ನು ಹಿಂದಿಗೆ ಡಬ್ ಮಾಡಲು ಮಾರಬಹುದು, ತೆಲುಗಿಗೆ ಮಾರಬಹುದು, ರೀಮೇಕ್ ಹಕ್ಕನ್ನೂ ಮಾರಬಹುದು. ತೆಲುಗಿನಿಂದ ತಂದ ಕಥೆಗೆ ಆ ಬಾಗಿಲುಗಳು ಮುಚ್ಚಿರುತ್ತವೆ. ಅದರ ಮೂಲವೇ ಹಿಂದಿಗೆ ಡಬ್ ಆಗಿ ಯೂಟ್ಯೂಬ್‌ನಲ್ಲಿ ಕೂತಿರುತ್ತದೆ. ಲೆಕ್ಕ ಪುಸ್ತಕ ನೋಡುವ ನಿರ್ಮಾಪಕನಿಗೆ ಸ್ವಮೇಕ್ ಮೇಲೆ ಪ್ರೀತಿ ಹುಟ್ಟಿದ್ದು ಇಲ್ಲಿಂದ, ಭಾಷಾಭಿಮಾನದಿಂದ ಅಂತ ನಾನು ನಂಬುವುದಿಲ್ಲ.

ಹಕ್ಕು ಕೊಳ್ಳದೆ ಸುಮ್ನೆ ಕಥೆ ಎತ್ತಿಕೊಂಡರೆ?

ಐಡಿಯಾಗೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಇದೆ. ಸುಪ್ರೀಂ ಕೋರ್ಟ್ ಇದನ್ನು 1978ರ ಆರ್.ಜಿ. ಆನಂದ್ ಕೇಸಿನಲ್ಲಿ ಸ್ಪಷ್ಟವಾಗಿ ಹೇಳಿದೆ. ತನ್ನ ನಾಟಕವನ್ನು ಕದ್ದು ಹಿಂದಿ ಸಿನಿಮಾ ಮಾಡಿದ್ದಾರೆ ಅಂತ ನಾಟಕಕಾರರು ಹೋಗಿದ್ದರು. ಎರಡನ್ನೂ ನೋಡಿದವರಿಗೆ ಇದು ಅದರದ್ದೇ ನಕಲು ಅಂತ ಖಚಿತವಾಗಿ ಅನಿಸಬೇಕು, ವಿಷಯ ಒಂದೇ ಆದರೆ ಸಾಲದು ಅಂತ ಹೇಳಿದ ಕೋರ್ಟ್ ಅವರ ಅರ್ಜಿಯನ್ನು ಒಪ್ಪಲಿಲ್ಲ. ಈ ಸಂದಿಯಲ್ಲಿ ನುಗ್ಗಿ ಬಂದ ಸಿನಿಮಾಗಳು ಎಲ್ಲ ಭಾಷೆಗಳಲ್ಲೂ ಇವೆ. ಟೈಟಲ್ ಕಾರ್ಡಿನಲ್ಲಿ ಮೂಲದ ಹೆಸರು ಹಾಕಿ ದುಡ್ಡು ಕೊಟ್ಟು ಮಾಡಿದವರನ್ನು ನಾವು ಗೇಲಿ ಮಾಡುತ್ತೇವೆ. ಕದ್ದವರಿಗೆ "ಹೊಸತನ" ಅಂತ ಶಹಬ್ಬಾಸ್ ಕೊಡುತ್ತೇವೆ. ಇದು ನನಗೆ ಸರಿ ಕಾಣುವುದಿಲ್ಲ.

ಕನ್ನಡದ ಕಥೆಗಳನ್ನು ಬೇರೆಯವರು ತಗೊಂಡಿದ್ದಾರಾ?

ಬೇಕಾದಷ್ಟು. ನಮ್ಮ ಕಡೆ ಚಿರಂಜೀವಿ ಅಭಿಮಾನಿಗಳಿಗೆ ಘರಾನಾ ಮೊಗುಡು ಅಂದರೆ ಪ್ರಾಣ. 1992ರ ಆ ಸಿನಿಮಾದ ಬೇರು ಕನ್ನಡದ್ದು. ಎಚ್.ಜಿ. ರಾಧಾದೇವಿ ಅವರ ಕಾದಂಬರಿಯಿಂದ 1986ರಲ್ಲಿ ರಾಜ್‌ಕುಮಾರ್ ಅವರ ಅನುರಾಗ ಅರಳಿತು ಬಂತು. ಅದೇ ಕಥೆ ತಮಿಳಿನಲ್ಲಿ ರಜನಿಕಾಂತ್ ಅವರ ಮನ್ನನ್, ತೆಲುಗಿನಲ್ಲಿ ಘರಾನಾ ಮೊಗುಡು, ಹಿಂದಿಯಲ್ಲಿ 1994ರ ಲಾಡ್ಲಾ ಆಯಿತು. ಒಬ್ಬ ಕನ್ನಡ ಲೇಖಕಿಯ ಕಥೆಯಲ್ಲಿ ದಕ್ಷಿಣದ ಮೂರು ದೊಡ್ಡ ಹೀರೊಗಳು ನಟಿಸಿದರು. ಈ ವಿಷಯ ಹೇಳಿದರೆ ನಮ್ಮೂರಲ್ಲಿ ಈಗಲೂ ಜನ ನಂಬುವುದಿಲ್ಲ.

ಅಪ್ಪು ಸಿನಿಮಾ ಅದರ ನಿರ್ದೇಶಕರ ಕೈಯಲ್ಲೇ ತೆಲುಗಿನ ಈಡಿಯಟ್ ಆಯಿತು. ಪವನ್ ಕುಮಾರ್ ಅವರ ಯು ಟರ್ನ್ ಮಲಯಾಳಂ, ತಮಿಳು, ತೆಲುಗು, ಹಿಂದಿಗೆ ಹೋಯಿತು. ಒಂದು ಮೊಟ್ಟೆಯ ಕಥೆ ಹಿಂದಿಗೆ ಹೋಯಿತು. ಇನ್ನೂ ಹಿಂದಕ್ಕೆ ಹೋದರೆ ತುಮಕೂರು ಜಿಲ್ಲೆಯ ಗುಬ್ಬಿ ಸಿಗುತ್ತದೆ. ಗುಬ್ಬಿ ನಾಟಕ ಕಂಪನಿಯವರು ನಿರ್ಮಾಣದಲ್ಲಿ ಕೈಜೋಡಿಸಿದ 1954ರ ಬೇಡರ ಕಣ್ಣಪ್ಪ ಅದೇ ವರ್ಷ ತೆಲುಗಿನಲ್ಲಿ ಕಾಳಹಸ್ತಿ ಮಹಾತ್ಮ್ಯಂ ಆಗಿ ಬಂತು. ರಾಜ್‌ಕುಮಾರ್ ನಟಿಸಿದ ಒಂದೇ ಒಂದು ತೆಲುಗು ಸಿನಿಮಾ ಅದು.

ಚೆನ್ನಾಗಿರುವ ರೀಮೇಕ್ ಇಲ್ಲವೇ ಇಲ್ವಾ?

ಯಾಕಿಲ್ಲ? ಆಪ್ತಮಿತ್ರ ನೋಡಿ. 1993ರ ಮಲಯಾಳಂ ಸಿನಿಮಾ ಮಣಿಚಿತ್ರತ್ತಾಳ್, ನಿರ್ದೇಶಕ ಫಾಜಿಲ್. ಹನ್ನೊಂದು ವರ್ಷ ಆದಮೇಲೆ 2004ರಲ್ಲಿ ಪಿ. ವಾಸು ಅದನ್ನು ಕನ್ನಡಕ್ಕೆ ತಂದರು. ಮನೆಯ ವಾತಾವರಣ, ಹಾಸ್ಯ, ವಿಷ್ಣುವರ್ಧನ್ ಅವರ ಡಾಕ್ಟರ್ ಪಾತ್ರದ ಗತ್ತು, ಎಲ್ಲ ಇಲ್ಲಿನ ಪ್ರೇಕ್ಷಕರಿಗೆ ತಕ್ಕ ಹಾಗೆ ಕೂತಿತ್ತು. ನಾಗವಲ್ಲಿಯಾಗಿ ಬಂದ ಸೌಂದರ್ಯ ನಮ್ಮ ಮುಳಬಾಗಿಲು ಕಡೆಯವರು. ಆ ವರ್ಷ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಸಿನಿಮಾ ಆಗಸ್ಟ್‌ನಲ್ಲಿ ಬಂತು. ಕೋಲಾರ ಜಿಲ್ಲೆಯ ಮಟ್ಟಿಗೆ ಅದು ಬರೀ ಸಿನಿಮಾ ಆಗಿರಲಿಲ್ಲ. ಮುಂದಿನ ವರ್ಷ ವಾಸು ಅವರೇ ರಜನಿಕಾಂತ್ ಜತೆ ತಮಿಳಿನಲ್ಲಿ ಚಂದ್ರಮುಖಿ ಮಾಡಿದರು. ಅಲ್ಲಿಗೆ ದಾರಿ ತೋರಿಸಿದ್ದು ಕನ್ನಡದ ಗೆಲುವು.

ಹಳೆಯದಾದ, ಇಲ್ಲಿ ಹೆಚ್ಚು ಜನ ನೋಡಿರದ ಕಥೆ ಆರಿಸಿಕೊಂಡು, ತಮ್ಮದೇ ಕೈಗುಣ ಸೇರಿಸಿದರೆ ರೀಮೇಕ್ ನಿಲ್ಲುತ್ತದೆ. ಆರು ತಿಂಗಳ ಹಿಂದೆ ಪಕ್ಕದ ಊರಲ್ಲಿ ಓಡಿದ್ದನ್ನು ಶಾಟ್‌ಗೆ ಶಾಟ್ ಇಳಿಸಿದರೆ ನಿಲ್ಲುವುದು ಕಷ್ಟ.

ಹಿಟ್ ಆದದ್ದನ್ನೇ ಮಾಡಿದರೆ ಗೆಲುವು ಗ್ಯಾರಂಟಿ ಅಲ್ವಾ?

ಅಲ್ಲ. ಕೋಲಾರದ ಕಡೆ ಟೊಮೆಟೊಗೆ ರೇಟು ಬಂದ ವರ್ಷದ ಮಾರನೇ ಸಲ ಏನಾಗುತ್ತದೆ ಅಂತ ರೈತರನ್ನು ಕೇಳಿ. ಎಲ್ಲರೂ ಅದನ್ನೇ ಹಾಕಿರುತ್ತಾರೆ. ಹಿಂದಿಯಲ್ಲಿ 2022, 2023ರಲ್ಲಿ ಲಾಲ್ ಸಿಂಗ್ ಚಡ್ಡಾ, ಜೆರ್ಸಿ, ಶೆಹಜಾದಾ ಸಾಲಾಗಿ ಬಿದ್ದವು. ಮೂರೂ ರೀಮೇಕ್. ಅದೇ 2022ರಲ್ಲಿ ರೀಮೇಕೇ ಆದ ದೃಶ್ಯಂ 2 ಹಿಂದಿಯಲ್ಲಿ ಚೆನ್ನಾಗಿ ಗೆದ್ದಿತು. ಹಾಗಾಗಿ ಎರಡು ಕಡೆಯವರೂ ತಮಗೆ ಬೇಕಾದ ಉದಾಹರಣೆ ಹಿಡಿದು ಜಗಳ ಆಡಬಹುದು. ಹಾಲಿವುಡ್‌ನಲ್ಲಿ 1998ರಲ್ಲಿ ಸೈಕೋ ಸಿನಿಮಾವನ್ನು ಹೆಚ್ಚುಕಡಿಮೆ ಶಾಟ್‌ಗೆ ಶಾಟ್ ಹಾಗೇ ಮತ್ತೆ ತೆಗೆದರು. ಜನ ಹತ್ತಿರವೂ ಸುಳಿಯಲಿಲ್ಲ.

ಈಗ ರೀಮೇಕ್ ಕಡಿಮೆ ಆಗಿದೆಯಾ?

ಕನ್ನಡದಲ್ಲಿ ಹೌದು, ಕಣ್ಣಿಗೆ ಕಾಣುವಷ್ಟು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗ ಆಯಿತು, ಅದೇ ವರ್ಷ ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೋ ಭಾರತಕ್ಕೆ ಬಂದವು. ಡಬ್ಬಿಂಗ್ ಬಾಗಿಲೂ ತೆರೆಯಿತು. ಲಾಕ್‌ಡೌನ್ ಸಮಯದಲ್ಲಿ ಹಾವೇರಿಯ ಪ್ರೇಕ್ಷಕರೂ ಮಲಯಾಳಂ ಸಿನಿಮಾ ನೇರವಾಗಿ ನೋಡುವುದು ಕಲಿತರು. ಅಂದರೆ ಚಿಂತಾಮಣಿಯಲ್ಲಿ ಮೊದಲಿಂದ ಇದ್ದ ಪರಿಸ್ಥಿತಿ ಈಗ ಇಡೀ ರಾಜ್ಯಕ್ಕೆ ಬಂದಿದೆ. ಎಲ್ಲರೂ ಮೂಲ ನೋಡಿರುವಾಗ ನಕಲಿಗೆ ಯಾರು ದುಡ್ಡು ಕೊಡುತ್ತಾರೆ?

ಇನ್ನೊಂದು ಕಡೆಯಿಂದ ಕೆ.ಜಿ.ಎಫ್. ಬಂತು. 2018ರಲ್ಲಿ ಮೊದಲ ಭಾಗ, 2022ರಲ್ಲಿ ಎರಡನೆಯದು. ನಮ್ಮ ಕೋಲಾರದ ಚಿನ್ನದ ಗಣಿಯ ಹೆಸರಿಟ್ಟುಕೊಂಡ ಕಥೆ ಹಿಂದಿ, ತೆಲುಗು, ತಮಿಳು, ಮಲಯಾಳಂಗೆ ಡಬ್ ಆಗಿ ಹೋಯಿತು. ಯಾರಿಗೂ ರೀಮೇಕ್ ಹಕ್ಕು ಮಾರಬೇಕಾಗಲಿಲ್ಲ. ಕಾಂತಾರವೂ ಹಾಗೇ. (ಗಣಿ ಮುಚ್ಚಿ 2001ಕ್ಕೇ ಕೆಲಸ ಕಳೆದುಕೊಂಡ ಜನರ ಕಥೆ ಅದೇ ಕೆಜಿಎಫ್‌ನಲ್ಲಿ ಹಾಗೇ ಬಿದ್ದಿದೆ. ಅದಕ್ಕೆ ಯಾರೂ ದೊಡ್ಡ ಬಜೆಟ್ ಹಾಕಿಲ್ಲ ಅನ್ನುವುದು ನನ್ನ ದೂರು.)

ಹಾಗಾದರೆ ಇನ್ನು ಮೇಲೆ ಹೊಸ ಕಥೆಗಳೇ ಬರುತ್ತವಾ?

ಅಷ್ಟು ಆಸೆ ಬೇಡ. ಧೈರ್ಯ ಕೊಳ್ಳುವ ಅಂಗಡಿ ಬದಲಾಗಿದೆ ಅಷ್ಟೇ. ಮುಂಚೆ ರೀಮೇಕ್, ಈಗ ಭಾಗ ಎರಡು, ಭಾಗ ಮೂರು, ಹಳೆಯ ಹಿಟ್‌ನ ಮರುಬಿಡುಗಡೆ. ಒಂದು ದೊಡ್ಡ ಸಿನಿಮಾ ಗೆದ್ದರೆ ಅದೇ ಕಪ್ಪು ಬಣ್ಣ, ಅದೇ ಗಡ್ಡ, ಅದೇ ಹಿನ್ನೆಲೆ ಧ್ವನಿಯ ಹತ್ತು ಸಿನಿಮಾ. ಹಕ್ಕು ಕೊಳ್ಳದ ರೀಮೇಕ್ ಅನ್ನಬಹುದು ಅವನ್ನು.

ನನ್ನ ಹತ್ರ ಒಂದು ಕಥೆ ಇದೆ. ಗಾಂಧಿನಗರಕ್ಕೆ ಹೋಗಲಾ?

ಹೋಗಿ, ಆದರೆ ಬಾಯಲ್ಲಿ ಇಟ್ಟುಕೊಂಡು ಹೋಗಬೇಡಿ, ಪೂರ್ತಿ ಬರೆದುಕೊಂಡು ಹೋಗಿ. ಬರೆದ ಕ್ಷಣದಿಂದ ಕಾಪಿರೈಟ್ ನಿಮ್ಮದೇ, ನೋಂದಣಿ ಕಡ್ಡಾಯ ಅಲ್ಲ. ಆದರೂ ಜಗಳ ಬಂದರೆ ಸಾಕ್ಷಿಗೆ ಇರಲಿ ಅಂತ ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸುವುದು ಒಳ್ಳೆಯದು. ಯಾರಿಗೆ ಕಳಿಸಿದಿರಿ, ಯಾವತ್ತು ಕಳಿಸಿದಿರಿ ಅನ್ನುವುದು ಇಮೇಲ್‌ನಲ್ಲಿ ಉಳಿಯುವ ಹಾಗೆ ನೋಡಿಕೊಳ್ಳಿ. ಕಥೆ ಒಪ್ಪಿಗೆಯಾಗಿ ಕರಾರು ಪತ್ರ ಕೈಗೆ ಬಂದಾಗ ಖುಷಿಯಲ್ಲಿ ಸಹಿ ಹಾಕಬೇಡಿ. "ಎಲ್ಲ ಭಾಷೆಗಳ ರೀಮೇಕ್, ಡಬ್ಬಿಂಗ್ ಹಾಗೂ ಮುಂದುವರಿದ ಭಾಗಗಳ ಹಕ್ಕು" ಅನ್ನುವಂಥ ಸಾಲು ಅದರಲ್ಲಿ ಎಲ್ಲಿದೆ ಅಂತ ಹುಡುಕಿ. ಆ ಹಕ್ಕು ಬಿಟ್ಟುಕೊಡುವುದಾದರೆ ಮಾರಾಟದಲ್ಲಿ ಇಷ್ಟು ಪಾಲು ನಿಮಗೆ ಅಂತ ಅದರ ಕೆಳಗೇ ಬರೆಸಿಕೊಳ್ಳಿ.